ಅಪ್ಪ ಕೂಸಿಗೆ ಎರೆದ ದಿನ

ನಾನು ಚಿಕ್ಕವಳಿದ್ದಾಗ, ಹತ್ತು ವರ್ಷವಿರಬೇಕು, ಅಕ್ಕ ಬಾಣಂತನಕ್ಕೆಂದು ಬಿಳಿಗೆರೆ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಮನೆಯಲ್ಲೆಲ್ಲ ಸಾಂಬ್ರಾಣಿ ಹೊಗೆ. ಅಟ್ಟದ ಮೇಲೆ ಒಣಗುತ್ತಿದ್ದ ಕೊಬ್ಬರಿಯ ವಾಸನೆ ಅದರಲ್ಲೇ ಬೆರೆತು ಬರುತ್ತಿತ್ತು.

ಕೂಸಿಗೆ ದಿನಾ ಎಣ್ಣೆ ತಿಕ್ಕಿ ಎರೆಯುತ್ತಿದ್ದವಳು ಅಮ್ಮ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆಯೇ ಅದನ್ನು ಮಲಗಿಸಿಕೊಳ್ಳುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅವಳು ಅದೇ ಬಚ್ಚಲಲ್ಲಿ ಜಾರಿ ಬಿದ್ದು ಕೈ ಉಳುಕಿಸಿಕೊಂಡಳು. ಅಕ್ಕ ಹಸಿ ಬಾಣಂತಿ, ನೀರು ಮುಟ್ಟುವಂತಿಲ್ಲ. ಪಕ್ಕದ ಮನೆಯವರಿಗೆ ಸೂತಕ, ಕೂಸನ್ನು ಮುಟ್ಟುವಂತಿಲ್ಲ. ಕೂಸು ಹೊಟ್ಟೆ ಬಿಗಿದುಕೊಂಡು ಮಧ್ಯಾಹ್ನದವರೆಗೆ ಅತ್ತಿತು. ಹಾಲನ್ನೂ ಕುಡಿಯಲಿಲ್ಲ. ಅದರ ಜೊತೆ ಅಕ್ಕನೂ ಅಳತೊಡಗಿದಳು.

ಹಿತ್ತಲಲ್ಲಿ ತೆಂಗಿನಕಾಯಿಯ ಮಟ್ಟೆ ಸುಲಿಯುತ್ತಿದ್ದ ಅಪ್ಪ ಎದ್ದು ಬಂದ. ಕೈಕಾಲು ತೊಳೆದು, ಪಂಚೆ ಮೇಲಕ್ಕೆ ಕಟ್ಟಿ, ಹೆಂಗಸರ ಹಾಗೆ ಬಚ್ಚಲಲ್ಲಿ ಕಾಲು ಚಾಚಿ ಕೂತುಬಿಟ್ಟ. ಗಂಡಸೊಬ್ಬ ಕೂಸಿಗೆ ಎರೆಯುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಚ್ಚಲಿಗೋ ಬಾಗಿಲಿಲ್ಲ, ಅರ್ಧ ಮುರಿದ ಗರಿಯ ತಡಿಕೆ ಅಷ್ಟೆ. ಬೇಲಿಯಾಚೆ ಪಕ್ಕದ ಮನೆಯ ದೊಡ್ಡಮ್ಮ ಮೊಮ್ಮಗಳೊಂದಿಗೆ ಬಂದು ನಿಂತರು.

"ಬಾಣ್ತಿ ನೀನೇ ಏನ್ಲಾ? ತಲೆಗೆ ಬಟ್ಟೆ ಕಟ್ಕೊ, ಶೀತ ಆದಾತು," ಅಂದರು.

ಆ ಮೊಮ್ಮಗಳು ಶಾಲೆಯಲ್ಲಿ ನನ್ನ ಪಕ್ಕ ಕೂರುವವಳು. ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನ್ನ ಮುಖ ಉರಿಯಿತು. ಎಣ್ಣೆ ಬಟ್ಟಲು ಹಿಡಿದು ತಡಿಕೆಯ ಮರೆಗೆ ಸರಿದೆ.

ಅಪ್ಪ ಎಣ್ಣೆ ಸವರಿ ಎದೆಯ ಮೇಲೆ ಕೈ ಎಳೆದದ್ದೇ ತಡ, ಕೂಸು ಕಿಟಾರನೆ ಕಿರುಚಿತು. ಎಳೆ ಚರ್ಮದ ಮೇಲೆ ಕೆಂಪು ಗೆರೆಗಳೆದ್ದವು. ಬೇಲಿಯಾಚೆಯ ನಗು ನಿಂತಿತು. ಅಪ್ಪ ಕೈ ಹಿಂದಕ್ಕೆಳೆದು ಅಂಗೈ ನೋಡಿಕೊಂಡ. ನಾಚಿಕೆಯಿಂದ ಅವನ ತಲೆ ತಗ್ಗಿತ್ತು.

"ಸುಲ್ದು ಸುಲ್ದು ಕೈಯೇ ಮಟ್ಟೆ ಆಗೈತೆ ಕಣವ್ವ," ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದ.

ಇನ್ನು ಎದ್ದುಬಿಡುತ್ತಾನೆ, ಸದ್ಯ ಎಂದುಕೊಂಡೆ. ಅವನು ಏಳಲಿಲ್ಲ. ತೋಳು ತಿರುಗಿಸಿ, ಮೊಣಕೈ ಒಳಗಡೆ ಬಿಸಿಲು ತಾಗದ ಮೆತ್ತನೆಯ ಜಾಗವಿದೆಯಲ್ಲ, ಅಲ್ಲಿಗೆ ಎಣ್ಣೆ ಹುಯ್ಯಲು ನನಗೆ ಹೇಳಿದ. ಆಮೇಲೆ ಆ ತೋಳನ್ನೇ ಕೂಸಿನ ಹೊಟ್ಟೆಯ ಮೇಲೆ ಮೆಲ್ಲಗೆ ಉರುಳಿಸಿದ. ಅಳು ಇಳಿಯಿತು. ಸ್ವಲ್ಪ ಹೊತ್ತಿಗೆ ಕೂಸು ಒಂದು ದೊಡ್ಡ ಹೂಸು ಬಿಟ್ಟು ಕಣ್ಣರಳಿಸಿತು. ಬೇಲಿಯಾಚೆಯಿಂದ ದೊಡ್ಡಮ್ಮ, ಬೆನ್ನನ್ನು ಮೇಲಿಂದ ಕೆಳಕ್ಕೆ ನೀವಬೇಕು ಎಂದು ಹೇಳಿಕೊಡತೊಡಗಿದರು. ಎರೆದ ಮೇಲೆ ಅದು ಹಾಲು ಕುಡಿದು ಸಂಜೆಯವರೆಗೆ ಮಲಗಿತು.

ನನ್ನ ನಾಚಿಕೆ ಮಾತ್ರ ಅಷ್ಟು ಬೇಗ ಹೋಗಲಿಲ್ಲ. ಮಾರನೆಯ ದಿನ ಶಾಲೆಯಲ್ಲಿ ಆ ಹುಡುಗಿ ಕಾಲು ಚಾಚಿ ಕೂತು, ಚೀಲವನ್ನೇ ಕೂಸು ಮಾಡಿಕೊಂಡು ಅಪ್ಪನ ಹಾಗೆ ನಟಿಸಿ ತೋರಿಸಿದಳು. ಎಲ್ಲರೂ ನಕ್ಕರು. ನಾನು ಮಂಡಿಯಲ್ಲಿ ಮುಖ ಹುದುಗಿಸಿ ಕೂತೆ.

ಈಗ ನೋಡಿ ಮಕ್ಕಳೇ, ನಿಮ್ಮ ಪುಟ್ಟ ತಂಗಿಗೆ ನಿಮ್ಮಪ್ಪನೇ ನಡುಮನೆಯಲ್ಲಿ ಚಾಪೆ ಹಾಸಿ, ಮೊಬೈಲಿನಲ್ಲಿ ನೋಡಿಕೊಂಡು ಎಣ್ಣೆ ಹಚ್ಚುತ್ತಾನೆ. ಬಂದವರು ಎಷ್ಟು ಚೆನ್ನಾಗಿ ಹಚ್ಚುತ್ತಾನೆ ಎನ್ನುತ್ತಾರೆ. ಈ ಕಥೆ ಹೇಳಿದಾಗ ನೀವು, ಅದರಲ್ಲಿ ನಗೋದಕ್ಕೆ ಏನಿತ್ತಜ್ಜಿ ಎಂದು ಕೇಳಿದಿರಿ.