ಹಸಿರು ಗೆರೆ, ಕೆಂಪು ಚುಕ್ಕೆ

ಗಿರಾಕಿ ಬ್ಲೌಸನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ಕೇಳಿದರು: "ಈ ಹಸಿರು ಪೈಪಿಂಗ್ ಪಟ್ಟಿ ಎಲ್ಲಿಂದ ಬಂತ್ರೀ?"

"ನೀವ ಕಳಿಸಿದ ಫೋಟೋದಾಗ ಅದ ನೋಡ್ರಿ," ಅಂತ ಅವ್ವ ಫೋನು ತೆಗೆದು ತೋರಿಸಿದಳು. ಅರಿಶಿನ ಬಣ್ಣದ ಬ್ಲೌಸಿನ ಫೋಟೋ. ಅದರ ಎಡಭಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ನೂಲಿನಷ್ಟು ತೆಳುವಾದ ಹಸಿರು ಗೆರೆ. ಗಿರಾಕಿ ಬೆರಳಿನಿಂದ ಫೋಟೋ ಸರಿಸಿದರು. ಬ್ಲೌಸು ಪಕ್ಕಕ್ಕೆ ಹೋಯಿತು. ಗೆರೆ ಪರದೆಯ ಮೇಲೆ ಇದ್ದಲ್ಲೇ ಉಳಿಯಿತು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನಗೆ ಮೊದಲು ನಗು ಬಂತು. ಆಮೇಲೆ ಲೆಕ್ಕ ಹಾಕಿದೆ. ಹೊಸ ಫೋನು ಮನೆಗೆ ಬಂದು ಅವತ್ತಿಗೆ ನಾಲ್ಕನೇ ದಿನ. ದೋಷ ಕಂಡರೆ ಏಳು ದಿನದೊಳಗೆ ಬೇರೆ ಹೊಸ ಫೋನು ಕೊಡುತ್ತೇವೆ, ಅದು ದಾಟಿದರೆ ರಿಪೇರಿಯೇ, ತಿಂಗಳೂ ಆಗಬಹುದು ಎಂದು ಅಂಗಡಿಯವರು ಮೊದಲೇ ಹೇಳಿದ್ದರು. ಹಳೆಯ ಫೋನನ್ನು ಅವರಿಗೇ ಬದಲಿಗೆ ಕೊಟ್ಟುಬಂದಿದ್ದೆವು. ನವರಾತ್ರಿ ಹತ್ತಿರ ಬಂದಿತ್ತು. ಪುಣೆಯ ಕೊಂಢವಾ ಬಡಾವಣೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಹೊಲಿಗೆ ಮಷೀನು ಹಗಲೆಲ್ಲ ಓಡುವ ಕಾಲ ಅದು. ಯಾರ ಕೊರಳು ಎಷ್ಟು ಆಳ, ಯಾರ ತೋಳಿಗೆ ಯಾವ ಲೇಸು, ಎಲ್ಲವೂ ಫೋಟೋ ಆಗಿ ಆ ಫೋನಿಗೇ ಬರುತ್ತಿದ್ದವು. ಅದಿಲ್ಲದೆ ಒಂದು ತಿಂಗಳು ಎಂದರೆ ಗಿರಾಕಿಗಳು ಮುಂದಿನ ಓಣಿಯ ಟೇಲರ್ ಹತ್ತಿರ ಹೋಗುತ್ತಾರೆ, ಹೋದವರು ವಾಪಸು ಬರುವುದಿಲ್ಲ.

ಅವ್ವ ಆ ರಾತ್ರಿಯ ಅಡುಗೆ ಬಿಟ್ಟು ಕೂತು ಪೈಪಿಂಗ್ ಬಿಚ್ಚಿದಳು. ಹಳದಿ ಬಟ್ಟೆಯ ಮೇಲೆ ಸೂಜಿಯ ಸಣ್ಣ ತೂತುಗಳು ಸಾಲಾಗಿ ಉಳಿದವು.

"ನಾನ ಏನರ ಮಾಡಿದ್ನೇನು?" ಎಂದು ಕೇಳಿದಳು.

"ನಿಂಗ ಗೊತ್ತಿರಬೇಕು," ಎಂದೆ. ಆ ಮಾತು ಬೇಕಾಗಿರಲಿಲ್ಲ. ಆದರೆ ಮೊದಲ ದಿನದ ಜಗಳ ಇನ್ನೂ ನನ್ನ ತಲೆಯಲ್ಲಿತ್ತು.

ಮೊದಲ ದಿನ ಆದದ್ದು ಇಷ್ಟು. ನಾನು ಪಿನ್ನು ಚುಚ್ಚಿ ಸಿಮ್ಮಿನ ಟ್ರೇ ಹೊರಗೆಳೆದಿದ್ದೆ. ಅಷ್ಟರಲ್ಲಿ ಅವ್ವ ತಟ್ಟೆ ಹಿಡಿದು ಬಂದಳು. ಅರಿಶಿನ, ಕುಂಕುಮ, ನೀರಿನ ಬಟ್ಟಲು. ನಮ್ಮ ಮನೆಗೆ ಬಂದ ಯಾವ ಯಂತ್ರವೂ ಬೊಟ್ಟು ಇಡಿಸಿಕೊಳ್ಳದೆ ಕೆಲಸ ಶುರು ಮಾಡಿಲ್ಲ. ಮಷೀನು, ಮಿಕ್ಸರು, ಇಸ್ತ್ರಿ ಪೆಟ್ಟಿಗೆ. ಎಂಟನೇ ಇಯತ್ತೆಯಿಂದ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿದವಳು ನಾನು. ಈಗ ಶನಿವಾರ-ಭಾನುವಾರ ಮಕ್ಕಳಿಗೆ ವಾದ ಮಾಡುವುದನ್ನೇ ಕಲಿಸುತ್ತೇನೆ. ಬಿಟ್ಟೆನೇ? ಕುಂಕುಮದಿಂದ ಫೋನು ಬಾಳುತ್ತದೆ ಎನ್ನುವವರು ಅದನ್ನು ಸಾಬೀತು ಮಾಡಬೇಕು, ಬಾಳುವುದಿಲ್ಲ ಎನ್ನುವವರಲ್ಲ ಎಂದೆ. ಮಿಕ್ಸರಿಗೂ ನೀನೇ ಹಚ್ಚಿದ್ದೆ, ಅದರ ಮೋಟರು ಎರಡು ಸಲ ಸುಟ್ಟಿದೆ ಎಂದೆ.

"ಸುಟ್ಟಿದ್ದು ಮೋಟರು. ಮನಿ ಸುಟ್ಟಿಲ್ಲಲ್ಲ," ಎಂದಳು ಅವ್ವ.

ಕೊನೆಗೆ ರಾಜಿಯಾಯಿತು. ಎರಡು ಷರತ್ತು ಹಾಕಿದೆ. ಒಂದು, ನೀರಿನ ಹನಿಯೂ ಮುಟ್ಟಬಾರದು, ಒಣ ಕುಂಕುಮ ಮಾತ್ರ. ಎರಡು, ಗಾಜಿಗೆ ಹಚ್ಚಬಾರದು. ಅವ್ವ ಎರಡಕ್ಕೂ ಒಪ್ಪಿ, ಒಂದು ಚಿಟಿಕೆ ಒಣ ಕುಂಕುಮವನ್ನು ಫೋನಿನ ಅಂಚಿಗೆ ಒತ್ತಿದಳು. ನಾನು ಗೆದ್ದ ಖುಷಿಯಲ್ಲಿ ಅಂಚನ್ನು ಒರೆಸಿ, ಸಿಮ್ಮು ಹಾಕಿ, ಟ್ರೇ ಮುಚ್ಚಿದೆ. ಅವಳು ಒತ್ತಿದ್ದು ಯಾವ ಅಂಚಿಗೆ ಎಂದು ನೋಡಲಿಲ್ಲ.

ಐದನೇ ದಿನ ಕಂಪನಿಯ ಸಹಾಯವಾಣಿಯಲ್ಲಿ ಹೋಯಿತು. ಆಫ್ ಮಾಡಿ ಆನ್ ಮಾಡಿ ಎಂದರು, ಹನ್ನೊಂದು ಸಲ ಮಾಡಿದೆ. ಅಂಗಡಿಯವರು, ಇದು ತಯಾರಿಕೆಯ ದೋಷ ಎಂದು ಸರ್ವಿಸ್ ಸೆಂಟರಿನಿಂದ ಕಾಗದ ತನ್ನಿ, ತಂದ ತಕ್ಷಣ ಬದಲಿ ಕೊಡುತ್ತೇವೆ ಎಂದರು. ಆರನೇ ದಿನ ಸರ್ವಿಸ್ ಸೆಂಟರಿಗೆ ರಜೆ. ಏಳನೇ ದಿನ ಮಧ್ಯಾಹ್ನ, ಇಬ್ಬರೂ ರಿಕ್ಷಾ ಹಿಡಿದು ಮಗರಪಟ್ಟಾದ ಸರ್ವಿಸ್ ಸೆಂಟರಿಗೆ ಹೊರಟೆವು. ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ನನ್ನ ಮೊಣಕಾಲು ಕುಣಿಯುತ್ತಿತ್ತು. ಅವ್ವ ಅದರ ಮೇಲೆ ಕೈ ಇಟ್ಟು ಒತ್ತಿದಳು. ಕೈ ತೆಗೆದ ಕೂಡಲೇ ಮತ್ತೆ ಕುಣಿಯಿತು.

ನಮ್ಮದು ಕೊನೆಯ ಟೋಕನ್. ಕೌಂಟರಿನ ಹಿಂದೆ ಹೆಚ್ಚುಕಡಿಮೆ ನನ್ನ ವಯಸ್ಸಿನವನೇ ಒಬ್ಬ, ಹಣೆಗೆ ಏರಿಸಿಕೊಂಡ ಭೂತಕನ್ನಡಿ, ದಿನವಿಡೀ ಬೈಸಿಕೊಂಡ ಮುಖ. ಗೆರೆ ನೋಡಿದ, ತಲೆ ಆಡಿಸಿದ. ಹೌದು, ಪರದೆಯದೇ ದೋಷ ಎಂದ. ನನ್ನ ಮೊಣಕಾಲು ನಿಂತಿತು. ಆಮೇಲೆ ಅವನು ಸಿಮ್ಮಿನ ಟ್ರೇ ತೆಗೆದು, ಆ ಸೀಳಿನೊಳಗೆ ಟಾರ್ಚು ಬಿಟ್ಟು, ಭೂತಕನ್ನಡಿ ಇಳಿಸಿಕೊಂಡ.

"ತಾಈ, ಪಾಣೀ ಗೇಲಂಯ."

ಅಕ್ಕಾ, ಒಳಗೆ ನೀರು ಹೋಗಿದೆ ಎಂದ. ನನಗೂ ತೋರಿಸಿದ. ಸೀಳಿನ ಒಳಗೋಡೆಗೆ ಸಾಸಿವೆಯಷ್ಟು ಸ್ಟಿಕ್ಕರು ಅಂಟಿಸಿರುತ್ತಾರೆ. ಒಣಗಿಯೇ ಇದ್ದರೆ ಬಿಳಿ, ನೀರು ತಾಕಿದರೆ ಕೆಂಪು. ಇದು ಕೆಂಪಾಗಿತ್ತು. ಕೆಂಪಿದ್ದ ಮೇಲೆ ತಯಾರಿಕೆಯ ದೋಷ ಎಂದು ಬರೆಯುವಂತಿಲ್ಲ.

ಮುಂದಿನದೆಲ್ಲ ಮರಾಠಿಯಲ್ಲಿ ನಡೆಯಿತು, ಮತ್ತು ನನ್ನ ಮರಾಠಿ ವಾದಕ್ಕೆ ಚೆನ್ನಾಗಿ ಹರಿತವಾಗಿದೆ. ಪರದೆಯ ಗೆರೆಗೂ ಸಿಮ್ಮಿನ ಸೀಳಿಗೂ ಏನು ಸಂಬಂಧ ಎಂದೆ. ಪುಣೆಯ ಮಳೆಗಾಲದ ಗಾಳಿಗೇ ಸ್ಟಿಕ್ಕರು ಕೆಂಪಾಗುವುದಿಲ್ಲ ಎಂದು ನೀವು ಹೇಗೆ ಹೇಳುತ್ತೀರಿ ಎಂದೆ.

"ನಾನು ಏನೂ ಹೇಳುತ್ತಿಲ್ಲ ತಾಈ. ಕೆಂಪು ಹೇಳುತ್ತಿದೆ."

ಅವ್ವ ನನ್ನ ಓಢಣಿ ಜಗ್ಗಿದಳು. ಕನ್ನಡದಲ್ಲಿ, ತುಟಿ ಅಲ್ಲಾಡದಷ್ಟು ಮೆಲ್ಲಗೆ ಹೇಳಿದಳು: "ಅದು ಕುಂಕುಮ ಅದ."

ನನಗೂ ಅದೇ ಕ್ಷಣ ಹೊಳೆದಿತ್ತು. ಮೊದಲ ದಿನ ಟ್ರೇ ಹೊರಗಿದ್ದಾಗ ಅವಳು ಒತ್ತಿದ್ದು ಇದೇ ಸೀಳಿನ ಅಂಚಿಗೆ. ಆದರೆ ವೇದಿಕೆ ಕಲಿಸಿದ ಮೊದಲ ಪಾಠ, ಎದುರಾಳಿಗೆ ಬೇಕಾದದ್ದನ್ನು ನೀನಾಗಿ ಕೊಡಬೇಡ. ಒಳಗೆ ನಾವೇ ಏನೋ ಹಾಕಿದ್ದೇವೆ ಎಂದು ಒಪ್ಪಿದರೆ ತಪ್ಪು ಗ್ರಾಹಕರದ್ದೇ ಆಗುತ್ತದೆ, ಅಲ್ಲಿಗೆ ಮುಗಿಯಿತು.

"ನೀ ಸುಮ್ಮನಿರು, ನಾ ಮಾತಾಡಾಕತ್ತೀನಿ," ಎಂದೆ. ಅವನ ಕಡೆ ತಿರುಗಿ, ಸ್ಪಷ್ಟವಾಗಿ, ಕಣ್ಣಿಗೆ ಕಣ್ಣಿಟ್ಟು, "ನಾವು ಅದರೊಳಗೆ ಏನೂ ಹಾಕಿಲ್ಲ," ಎಂದೆ.

ಅವ್ವ ಓಢಣಿ ಬಿಟ್ಟಳು.

ಅವನು ಪೆನ್ನು ಎತ್ತಿಕೊಂಡ. ಫಾರ್ಮಿನ ಮೇಲೆ 'ನೀರು', 'ತಯಾರಿಕೆಯ ದೋಷ' ಎಂದು ಎರಡು ಚೌಕಗಳಿದ್ದವು. 'ನೀರು' ಎಂಬ ಚೌಕದ ಮೇಲೆ ಪೆನ್ನು ಇಳಿಯುವುದರಲ್ಲಿತ್ತು. ಹಿಂದೆ ಯಾರೋ ಶಟರನ್ನು ಅರ್ಧ ಎಳೆದರು. ನನ್ನ ಬಳಿ ಇನ್ನೂ ಮೂರು ವಾದ ಇದ್ದವು, ಮೂರೂ ಕೆಲಸಕ್ಕೆ ಬಾರದವು ಎಂದು ಗೊತ್ತಿತ್ತು.

"ಭಾವೂ," ಎಂದಳು ಅವ್ವ. "ತೇ ಪಾಣೀ ನಾಹೀ. ಕುಂಕೂ ಆಹೇ." ಅಣ್ಣಾ, ಅದು ನೀರಲ್ಲ, ಕುಂಕುಮ.

ಅವ್ವನ ಮರಾಠಿ ಅಳತೆಯ ಮರಾಠಿ. ಖಾಂದಾ, ಬಾಹೀ, ಗಳಾ. ಭುಜ, ತೋಳು, ಕೊರಳು ದಾಟಿ ಅದು ಹೆಚ್ಚು ದೂರ ಹೋಗುವುದಿಲ್ಲ. ಆ ಪೆನ್ನು ಮಾತ್ರ ಅಲ್ಲಿಗೇ ನಿಂತಿತು.

"ಕುಂಕೂ?" ಅವನು ನನ್ನನ್ನು ನೋಡಿದ. "ಏನೂ ಹಾಕಿಲ್ಲ ಎಂದಿರಲ್ಲ ತಾಈ?"

ಈಗ ಸಾಕ್ಷ್ಯವೇ ಗತಿ ಎಂದು ಪರ್ಸಿನಿಂದ ಒದ್ದೆ ಟಿಶ್ಯೂ ತೆಗೆದೆ. ಒರೆಸಿದರೆ ಬಂದುಬಿಡುತ್ತದಲ್ಲ. ಟಿಶ್ಯೂವಿನ ಮೂಲೆಯನ್ನು ಬತ್ತಿಯ ಹಾಗೆ ಹೊಸೆದು ಸೀಳಿನ ಹತ್ತಿರ ತಂದೇ ಬಿಟ್ಟೆ. ಅವ್ವ ನನ್ನ ಮಣಿಕಟ್ಟು ಹಿಡಿದಳು, ಮಷೀನಿನ ಗಾಲಿ ನಿಲ್ಲಿಸುವಾಗ ಹಿಡಿಯುವ ಹಾಗೆ.

"ಹಸಿ ಮಾಡಬ್ಯಾಡ. ಹಸಿ ಆತಂದ್ರ ಖರೇನ ಕೆಂಪಾಗ್ತದ."

ಟಿಶ್ಯೂ ಹಿಂದಕ್ಕೆಳೆದೆ. ಇನ್ನೊಂದು ಅಕ್ಕಿಕಾಳಿನಷ್ಟು ದೂರ ಉಳಿದಿತ್ತು ಅಷ್ಟೇ.

ಅವ್ವ ಅವನ ಮೇಜಿನ ಮೇಲಿದ್ದ ಸಣ್ಣ ಬ್ರಷ್ಷು ತೋರಿಸಿದಳು. ಹೊಸ ಬಟ್ಟೆಯ ಬಣ್ಣ ನೂಲಿಗೆ ಕಚ್ಚಿದೆಯೋ, ಬರೀ ಮೇಲೆ ಕೂತಿದೆಯೋ ಎಂದು ತಿಳಿಯಲು ಅವಳು ಮೊದಲು ಒಣ ಕೈಯಿಂದ ಉಜ್ಜಿ ನೋಡುತ್ತಾಳೆ. ನೀರು ಆಮೇಲೆ. ಬೆರಳಾಡಿಸಿ ಅದನ್ನೇ ಹೇಳಿದಳು: ಸುಕ್ಕಾ, ಸುಕ್ಕಾ. ಒಣ, ಒಣ.

ಅವನು ಫೋನನ್ನು ಬಗ್ಗಿಸಿ, ಫಾರ್ಮಿನ ಮೇಲೆ ಹಿಡಿದು, ಬ್ರಷ್ಷಿನ ತುದಿಯಿಂದ ಎರಡು ಸಲ ಕೆದಕಿದ. ಬಿಳಿ ಕಾಗದದ ಮೇಲೆ ಕೆಂಪು ಪುಡಿ ಉದುರಿತು. ಮತ್ತೆ ಟಾರ್ಚು, ಮತ್ತೆ ಭೂತಕನ್ನಡಿ. ಸ್ಟಿಕ್ಕರು ಬೆಳ್ಳಗಿತ್ತು. ಅವನು ಒಳಗಿನವರನ್ನು ಕರೆದ. ಇಬ್ಬರು ಬಂದು ಸಾಲಾಗಿ ಬಗ್ಗಿ ನೋಡಿದರು.

"ನಮ್ಮ ಅಮ್ಮ ಗಾಡಿಯ ಹೆಡ್‌ಲೈಟಿಗೆ ಹಚ್ಚುತ್ತಾಳೆ," ಎಂದ ಅವನು. ಅವ್ವನ ಕಡೆ ತಿರುಗಿದ: "ಮಾವಶೀ, ನೀವು ನೇರ ಸಿಮ್ಮಿನ ಗರ್ಭಗುಡಿಗೇ ಹಚ್ಚಿದ್ದೀರಿ."

"ಗಾಜಿಗೆ ಹಚ್ಚಬ್ಯಾಡ ಅಂದ್ಳು ಈಕಿ," ಎಂದು ಅವ್ವ ಕನ್ನಡದಲ್ಲೇ ನನ್ನನ್ನು ತೋರಿಸಿದಳು. ಅನುವಾದಿಸು ಎಂದು ಕಣ್ಣಲ್ಲೇ ಹೇಳಿದಳು. ಅನುವಾದಿಸಿದೆ. ಮೂವರೂ ನಕ್ಕರು.

ಅವನು ಇನ್ನೊಂದು ಚೌಕಕ್ಕೆ ಗುರುತು ಹಾಕಿ, ಸಹಿ ಮಾಡಿ, ಷರಾ ಬರೆಯುವ ಜಾಗದಲ್ಲಿ ಮರಾಠಿಯಲ್ಲಿ ಬರೆದ: 'ಒಳಗೆ ಕುಂಕುಮ ಸಿಕ್ಕಿದೆ, ನೀರಿಲ್ಲ.' ಅವ್ವ ಕಾಗದದ ಮೇಲೆ ಬಿದ್ದಿದ್ದ ಪುಡಿ ಚೆಲ್ಲಲು ಬಿಡಲಿಲ್ಲ. ಬೆರಳಿಗೆ ಹತ್ತಿಸಿಕೊಂಡು, ನಾನು ಹಿಂದೆ ಸರಿಯುವ ಮೊದಲೇ ನನ್ನ ಹಣೆಗೆ ಒತ್ತಿದಳು.

"ಕೆಂಪಾತು. ಇನ್ನ ನಿನ್ನ ಗ್ಯಾರಂಟೀನೂ ಹೋತು."

ಅಂಗಡಿಗೆ ಹೋಗುವ ರಿಕ್ಷಾದಲ್ಲಿ ನಾನೇ ಶುರು ಮಾಡಿದೆ. ಒಣ ಕುಂಕುಮವೇ ಇರಲಿ ಎಂದು ಷರತ್ತು ಹಾಕಿದವಳು ನಾನು, ಹಾಗಾಗಿ ಸ್ಟಿಕ್ಕರು ಉಳಿದದ್ದು ಅರ್ಧ ನನ್ನಿಂದ ಎಂದೆ. ಅವ್ವ ಹೊರಗೆ ನೋಡುತ್ತಿದ್ದಳು.

"ಏನೂ ಹಾಕಿಲ್ಲ ಅಂದ್ಯಲ್ಲ."

"ವಾದದಾಗ ಹಂಗ ಅಂತಾರ."

"ಅದಕ್ಕ ಸುಳ್ಳು ಅಂತಾರ."

ನಾಲ್ಕನೇ ದಿನ ಪೈಪಿಂಗ್ ಬಿಚ್ಚುತ್ತ ಅವಳು ಕೇಳಿದ ಪ್ರಶ್ನೆಗೆ ಈಗ ಉತ್ತರಿಸಿದೆ. "ನೀ ಏನೂ ಮಾಡಿರಲಿಲ್ಲ," ಎಂದೆ. "ಗೊತ್ತಾತು," ಎಂದಳು.

ಅಂಗಡಿಯವನು ಷರಾ ಓದಿ ಒಮ್ಮೆ ನನ್ನ ಹಣೆ ನೋಡಿ, ಏನೂ ಕೇಳದೆ ಹೊಸ ಡಬ್ಬಿ ಕೊಟ್ಟ. ಮನೆಗೆ ಬಂದು ಈ ಸಲ ಮೊದಲು ಸಿಮ್ಮು ಹಾಕಿ, ಟ್ರೇ ಒತ್ತಿ, ಉಗುರಿನಿಂದ ತಡವಿ ನೋಡಿ, ಫೋನನ್ನು ಮಷೀನಿನ ಮೇಲಿಟ್ಟೆ. ಅವ್ವ ತಟ್ಟೆ ತಂದು ನಿಂತಳು. ಬೆರಳಿನಲ್ಲಿ ಚಿಟಿಕೆ ಇತ್ತು, ಕೈ ಇಳಿಯಲಿಲ್ಲ.

"ಎಲ್ಲಿ ಹಚ್ಚಲಿ? ಈಗ ಹೇಳಿಬಿಡು."

ಹೇಳಲು ಬೇಕಾದಷ್ಟಿತ್ತು. "ಗಾಜಿಗೇ ಹಚ್ಚು," ಎಂದೆ.

ಹಚ್ಚಿದಳು. ಪರದೆಯ ನಟ್ಟನಡುವೆ. ಸ್ವಲ್ಪ ಹೊತ್ತಿನಲ್ಲಿ ಫೋನು ಕುಂಯ್‌ಗುಟ್ಟಿತು. ಯಾರೋ ಹೊಸ ಬ್ಲೌಸಿನ ಫೋಟೋ ಕಳಿಸಿದ್ದರು. ಅವ್ವ ಸೆರಗಿನಿಂದ ಗಾಜು ಒರೆಸಿದಳು. ಕತ್ತರಿ ಮುಟ್ಟುವ ಮೊದಲು ಫೋಟೋವನ್ನು ಬೆರಳಿನಿಂದ ಅತ್ತ ಸರಿಸಿದಳು, ಇತ್ತ ಸರಿಸಿದಳು. ಬ್ಲೌಸಿನ ಜೊತೆಗೆ ಎಲ್ಲವೂ ಸರಿಯಿತು. ಹಿಂದೆ ಏನೂ ಉಳಿಯಲಿಲ್ಲ. ಆಮೇಲೆ ಟೇಪು ಕೊರಳಿಗೆ ಹಾಕಿಕೊಂಡಳು.