ಭಾನುವಾರದ ಕೈಮಾತಿನ ವಾರ್ತೆ

ಭಾಲ್ಕಿಯ ನಮ್ಮ ಓಣಿಯಲ್ಲಿ ಆಗ ಟಿ.ವಿ. ಇದ್ದದ್ದು ಎರಡೇ ಮನೆಗಳಲ್ಲಿ. ಒಂದು ನಮ್ಮದು. ಹಲಬರ್ಗಾದಲ್ಲಿ ಮಾಸ್ತರಾಗಿದ್ದ ಅಪ್ಪ ತಂದ ಆ ಕಪ್ಪು-ಬಿಳುಪಿನ ಪೆಟ್ಟಿಗೆಗೆ ಮರದ ಬಾಗಿಲಿತ್ತು. ಎರಡೂ ಕಡೆಗೆ ಸರಿಸಿದರೆ ಕರಕರ ಸದ್ದಾಗುತ್ತಿತ್ತು. ಭಾನುವಾರ ಮಧ್ಯಾಹ್ನ ಆ ಸದ್ದು ಕೇಳಿದರೆ ಸಾಕು, ಓಣಿಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದು ಪಡಸಾಲೆ ತುಂಬುತ್ತಿದ್ದರು. ದೇಶದ ಬೇರೆ ಬೇರೆ ಭಾಷೆಯ ಸಿನಿಮಾ ತೋರಿಸುವ ಹೊತ್ತು ಅದು. ಕನ್ನಡದ ಸರದಿ ಬರುತ್ತಿದ್ದುದು ಅಪರೂಪ. ಒಡಿಯಾ ಬಂದರೂ ಅಸ್ಸಾಮಿ ಬಂದರೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಯಾರು ಯಾಕೆ ಅತ್ತರು ಅನ್ನುವುದು ಭಾಷೆ ಬಾರದಿದ್ದರೂ ತಿಳಿಯುತ್ತಿತ್ತು.

ಸಿನಿಮಾಕ್ಕೆ ಮೊದಲು ಸ್ವಲ್ಪ ಹೊತ್ತು ಕಿವಿ ಕೇಳದವರಿಗಾಗಿ ವಾರ್ತೆ ಬರುತ್ತಿತ್ತು. ಒಬ್ಬರು ನಿಧಾನವಾಗಿ ಓದುತ್ತಿದ್ದರು, ಇನ್ನೊಬ್ಬರು ಅದನ್ನೇ ಕೈಗಳಲ್ಲಿ ಹೇಳುತ್ತಿದ್ದರು, ನಡುನಡುವೆ ಚಿತ್ರಗಳು. ಹಿಂದಿಯೋ ಇಂಗ್ಲಿಷೋ ಈಗ ಖಚಿತವಿಲ್ಲ; ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು ಅಂದಮೇಲೆ ಹಿಂದಿಯೇ ಇರಬೇಕು. ಅದನ್ನು ಯಾರೂ ನೋಡುತ್ತಿರಲಿಲ್ಲ. ಜಾಗ ಹಿಡಿಯಲು, ಶೇಂಗಾ ಸುಲಿಯಲು, ನೀರಿನ ಟ್ಯಾಂಕರ್ ಯಾವ ಓಣಿಗೆ ಬಂತು, ಯಾವ ಓಣಿಗೆ ಬರಲಿಲ್ಲ ಎಂದು ಮಾತಾಡಲು ಇದ್ದ ಹೊತ್ತು ಅದು. ಪಕ್ಕದ ಮನೆಯಾಕೆ ಪ್ರತಿವಾರ ಹೇಳುತ್ತಿದ್ದಳು: “ಇದು ಕಿವುಡರ ಖಬರ್ ಅದರಿ. ಅವಾಜ್ ಬಂದ್ ಮಾಡ್ರಿ, ಯಾರಿಗಿ ಬೇಕಾಗ್ಯದ?”

ಮೌಶಿ ಬರುವವರೆಗೆ ನಾನೂ ಅದನ್ನು ಕಣ್ಣಿಟ್ಟು ನೋಡಿರಲಿಲ್ಲ.

ಮೌಶಿ ಅಂದರೆ ಅವ್ವನ ತಂಗಿ. ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಬಂದಿರಲಿಲ್ಲ. ಆಗ ಆಕೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ, ನನಗೆ ಹನ್ನೊಂದು. ಗದ್ದದ ಮೇಲೆ ಹಸಿರು ಹಚ್ಚೆಯ ಮೂರು ಚುಕ್ಕಿ. ಠಾಣಾ ಕುಶನೂರಿನಲ್ಲಿ ಮುತ್ಯಾನ ಜೊತೆ, ಅಂದರೆ ಅವ್ವನ ಅಪ್ಪನ ಜೊತೆ ಇದ್ದಳು. ಮನೆಯವರಿಗೆ ತಿಳಿಯುವಷ್ಟು ಕೈಸನ್ನೆ ಆಕೆಗಿತ್ತು. ಮೀಸೆ ತಿರುವಿದರೆ ಮುತ್ಯಾ, ಮೂಗು ಮುಟ್ಟಿದರೆ ಅವ್ವ, ಎರಡು ಜಡೆ ಹೆಣೆದು ತೋರಿಸಿದರೆ ನಾನು. ಆಮೇಲೆ ಊಟ, ನೀರು, ಎಮ್ಮೆ, ಹೊಲ, ಸಿಟ್ಟು. ಅಷ್ಟರಲ್ಲೇ ಬದುಕು ನಡೆದಿತ್ತು. ಊರವರು ಆಕೆಯ ಎದುರಿಗೇ ‘ಮೂಕಿ’ ಅನ್ನುತ್ತಿದ್ದರು, ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ.

ಸಾಲಾಗಿ ಎರಡು ವರ್ಷ ಮಳೆ ಕೈಕೊಟ್ಟಿತ್ತು. ತೊಗರಿ ಮೊಳಕಾಲೆತ್ತರಕ್ಕೇ ಒಣಗಿ ನಿಂತಿತು. ಊರಿನ ಎಷ್ಟೋ ಮನೆಗಳು ಕೀಲಿ ಹಾಕಿಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟವು. ಮುತ್ಯಾನೂ ಮಗ-ಸೊಸೆಯ ಜೊತೆ ಹೊರಟ. ಹೋಗುವ ಮುಂಚೆ ಮೌಶಿಯನ್ನು ಬಸ್ಸಿನಲ್ಲಿ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟ.

“ಅಲ್ಲಿ ಗಾಡಿ ಭಾಳ ಓಡ್ತಾವ. ಹಿಂದಿಂದ ಲಾರಿ ಬಂದ್ರ ಇಕಿಗಿ ತಿಳಿಯಂಗಿಲ್ಲ,” ಎಂದು ಅವ್ವನಿಗೆ ಹೇಳಿದ. “ಮಳಿ ಬಿದ್ದ ಮ್ಯಾಲ ಬಂದು ಕರ್ಕೊಂಡು ಹೋಗ್ತೇನಿ.”

ಮೌಶಿಗೆ ಏನೂ ಹೇಳಲಿಲ್ಲ. ಹೇಳುವ ದಾರಿ ಆತನಿಗೆ ಗೊತ್ತಿರಲಿಲ್ಲ. ‘ಹೋಗು’ ಅನ್ನುವುದಕ್ಕೆ ಮನೆಯಲ್ಲಿ ಸನ್ನೆಯಿತ್ತು, ‘ಮಳೆ ಬಂದ ಮೇಲೆ ಬರುತ್ತೇನೆ’ ಅನ್ನುವುದಕ್ಕೆ ಇರಲಿಲ್ಲ. ಚಹಾ ಕುಡಿದು, ಆಕೆಯ ತಲೆ ಸವರಿ ಹೋಗಿಬಿಟ್ಟ. ಸಂಜೆಯವರೆಗೆ ಮೌಶಿ ತನ್ನ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ತಲೆಬಾಗಿಲಲ್ಲೇ ಕೂತಿದ್ದಳು.

ಟಿ.ವಿ. ಆಕೆಗೆ ಸೇರಲಿಲ್ಲ. ಬರೀ ಬಾಯಿ ಆಡಿಸುವ ಜನ ಆಕೆಗೆ ಹೊಸಬರೇನಲ್ಲ; ಪೆಟ್ಟಿಗೆಯೊಳಗೂ ಅವರೇ ಇದ್ದರು. ಎಲ್ಲರೂ ನಕ್ಕಾಗ ಒಂದು ಗಳಿಗೆ ತಡವಾಗಿ ತಾನೂ ನಗುತ್ತಿದ್ದಳು, ಆಮೇಲೆ ಎದ್ದು ಹೋಗಿ ಜೋಳ ಹಸನು ಮಾಡುತ್ತಿದ್ದಳು. ಬಂದು ಎರಡು ಮೂರು ವಾರವಾಗಿತ್ತು. ಒಂದು ಭಾನುವಾರ ಮೊರ ಹಿಡಿದು ಪಡಸಾಲೆ ದಾಟುತ್ತಿದ್ದವಳು ಥಟ್ಟನೆ ನಿಂತಳು. ತೆರೆಯ ಮೇಲೆ ಸೀರೆಯುಟ್ಟ ಹೆಂಗಸೊಬ್ಬಳು ಕೈಗಳಲ್ಲಿ ಮಾತಾಡುತ್ತಿದ್ದಳು. ಮೌಶಿ ಮೊರ ಕೆಳಗಿಟ್ಟು, ಕೂತವರ ಕಾಲು ತುಳಿಯುತ್ತ ಹೋಗಿ ಟಿ.ವಿ.ಗೆ ಮೊಳದ ದೂರದಲ್ಲಿ ಕೂತಳು. ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ತೆರೆ ತೋರಿಸಿದಳು, ತನ್ನ ಕಿವಿ ಮುಟ್ಟಿಕೊಂಡು ‘ಇಲ್ಲ’ ಎಂದು ಕೈಯಾಡಿಸಿದಳು, ಹುಬ್ಬೇರಿಸಿ ನನ್ನನ್ನೇ ನೋಡಿದಳು. ಇವಳಿಗೂ ಕೇಳುವುದಿಲ್ಲವೇ?

ನಾನು ಹೌದೆಂದು ತಲೆಯಾಡಿಸಿದೆ. ಅದು ನಿಜವೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ.

ವಾರ್ತೆ ಮುಗಿದು ಆ ಹೆಂಗಸು ಕೈಮುಗಿದಾಗ ಮೌಶಿಯೂ ಕೈಮುಗಿದಳು. ಪಡಸಾಲೆಯೆಲ್ಲ ಗೊಳ್ಳೆಂದು ನಕ್ಕಿತು. ಅಡುಗೆಮನೆಯಿಂದ ಹೊರಬಂದ ಅವ್ವ, ಎಂದೂ ಯಾರಿಗೂ ಗಟ್ಟಿಯಾಗಿ ಮಾತಾಡದವಳು, ಅಂದಳು: “ನಗಬ್ಯಾಡ್ರಿ. ನಿಮಗ ಸಿನಿಮಾ ಅದ, ಅಕಿಗಿ ಇದು ಅದ. ಮುಂದಿನ ವಾರದಿಂದ ಇದು ಮುಗಿಯೋತನ ಸುಮ್ಮ ಕೂಡೋರಿದ್ರ ಬರ್ರಿ.”

ಮುಂದಿನ ವಾರದಿಂದ ಅದು ನಮ್ಮಿಬ್ಬರ ಕಾರ್ಯಕ್ರಮವಾಯಿತು. ಕಿವಿ ನನ್ನದು, ಕೈ ಆಕೆಯದು. ಓದುವವರ ಬಾಯಲ್ಲಿ ‘ಬಾರಿಶ್’, ಅಂದರೆ ಮಳೆ, ಎಂಬ ಮಾತು ಬಂದ ಕೂಡಲೇ ನಾನು ಮೌಶಿಯ ಮೊಳಕೈ ತಟ್ಟುತ್ತಿದ್ದೆ. ಆಕೆ ತೆರೆಯ ಕೈಗಳನ್ನು ಹಿಡಿದಿಟ್ಟುಕೊಳ್ಳುತ್ತಿದ್ದಳು. ಆಮೇಲೆ ಅಂಗಳಕ್ಕೆ ಹೋಗಿ ನಾನು ಆ ಮಾತನ್ನು ಚಿತ್ರ ಬರೆದೋ ಅಭಿನಯಿಸಿಯೋ ತೋರಿಸುತ್ತಿದ್ದೆ. ಅಪ್ಪನ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಮೌಶಿ ಕೈಗಳ ಚಿತ್ರ ಬಿಡಿಸಿದಳು. ಎಂದೂ ಪೆನ್ಸಿಲ್ ಹಿಡಿಯದವಳು ಬೆರಳುಗಳನ್ನು ಎಷ್ಟು ಚೆನ್ನಾಗಿ ಬರೆದಳೆಂದರೆ ಅಪ್ಪ ಬಹಳ ಹೊತ್ತು ಆ ಹಾಳೆ ಹಿಡಿದು ನಿಂತಿದ್ದರು. ಕರೆಂಟು ಹೋದ ಭಾನುವಾರ ಮೌಶಿ ಊಟ ಮಾಡುತ್ತಿರಲಿಲ್ಲ. ಗಾಳಿಗೆ ಆಂಟೆನಾ ತಿರುಗಿದರೆ ಮೊದಲು ಮಾಳಿಗೆ ಹತ್ತುವವಳು ಆಕೆಯೇ.

ಆದರೆ ವಾರ್ತೆಯಲ್ಲಿ ಇರುವುದು ವಾರ್ತೆಯ ಮಾತುಗಳೇ. ಪ್ರಧಾನಮಂತ್ರಿ, ಸಭೆ, ಪ್ರವಾಹ, ಮಳೆ, ಚುನಾವಣೆ, ನಾಳೆ. ನನ್ನ ಅಡ್ಡಾದಿಡ್ಡಿ ತಾಳೆಯಲ್ಲಿ ಎಷ್ಟು ತಪ್ಪಿತ್ತೋ. ಹಸಿವು, ಬೇಸರ, ನೆನಪು ಎಂಬ ಮಾತುಗಳು ಒಂದು ದಿನವೂ ಬರಲಿಲ್ಲ.

ಬೇಸಿಗೆಯಲ್ಲಿ ಅಪ್ಪ ನಮ್ಮಿಬ್ಬರನ್ನೂ ಬೀದರಿಗೆ ಕರೆದೊಯ್ದರು, ಮೌಶಿಯ ಕಿವಿ ತೋರಿಸಲು. ಆಸ್ಪತ್ರೆಯ ಪಡಸಾಲೆಯಲ್ಲಿ ಸಾಲು ಉದ್ದವಿತ್ತು. ನಮಗಿಂತ ಮುಂದೆ ನಲವತ್ತರ ಹೆಂಗಸೊಬ್ಬಳು, ಆಕೆಯ ಪಕ್ಕದಲ್ಲಿ ಸ್ವಲ್ಪ ಕಿರಿಯ ಗಂಡಸು. ಇಬ್ಬರೂ ಕೈಗಳಲ್ಲಿ ಜೋರಾಗಿ ಜಗಳವಾಡುತ್ತಿದ್ದರು, ಚೂರೂ ಸದ್ದಿಲ್ಲದೆ. ಮೌಶಿ ನನ್ನ ಕೈ ಬಿಟ್ಟಳು. ನೇರ ಹೋಗಿ ಅವರ ಮುಂದೆ ನಿಂತು ತನಗೆ ಬರುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಪ್ರಧಾನಮಂತ್ರಿ. ಸಭೆ. ಪ್ರವಾಹ. ನಾಳೆ ಮಳೆ.

ಅವರಿಬ್ಬರೂ ಒಂದು ಗಳಿಗೆ ದಂಗಾದರು. ಆಮೇಲೆ ಆ ಹೆಂಗಸು ನಗಲು ಶುರುಮಾಡಿದಳು. ನಮ್ಮ ಪಡಸಾಲೆಯ ನಗೆಯಲ್ಲ ಅದು. ಕಣ್ಣೊರೆಸಿಕೊಂಡು ಮೌಶಿಯ ಎರಡೂ ಕೈಗಳನ್ನು ಹಿಡಿದುಕೊಂಡಳು. ಮೌಶಿಯ ಗದ್ದದ ಹಚ್ಚೆಯನ್ನು ನೋಡಿ ಮೂರು ಬೆರಳುಗಳಿಂದ ತನ್ನ ಗದ್ದ ಮುಟ್ಟಿಕೊಂಡು, ಆ ಬೆರಳುಗಳನ್ನು ಮೌಶಿಯ ಕಡೆ ತೋರಿಸಿದಳು. ಮೌಶಿಗೆ ಹೆಸರು ಇಟ್ಟದ್ದು ಹಾಗೆ. ಮನೆಯವರು ಇಟ್ಟ ಹೆಸರೊಂದು ಇತ್ತು, ಆದರೆ ಆಕೆ ಅದನ್ನು ಎಂದೂ ಕೇಳಿರಲಿಲ್ಲ.

ಅವರು ಅಕ್ಕ-ತಮ್ಮ. ಚಿಕ್ಕವರಿದ್ದಾಗ ಹೈದರಾಬಾದಿನಲ್ಲಿ ಕಿವಿ ಕೇಳದವರ ಶಾಲೆಯಲ್ಲಿ ಕಲಿತವರು, ಈಗ ಬೀದರಿನ ಅಂಚಿನ ನೌಬಾದದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. ಆಕೆ ಚೀಟಿಯ ಮೇಲೆ ಬರೆದು ಅಪ್ಪನಿಗೆ ಕೊಟ್ಟಳು: ಇವಳನ್ನು ನನ್ನ ಹತ್ತಿರ ಕಳಿಸಿ, ಕೈಮಾತು ಕಲಿಸುತ್ತೇನೆ, ಹೊಲಿಗೆಯನ್ನೂ ಕಲಿಸುತ್ತೇನೆ.

ಮೊದಲು ವಾರಕ್ಕೊಮ್ಮೆ ಹೋದೆವು, ಆಮೇಲೆ ಮೌಶಿ ಒಬ್ಬಳೇ ಬಸ್ಸು ಹತ್ತಿದಳು. ಜೂನಿನ ಹೊತ್ತಿಗೆ ವಾರವಿಡೀ ನೌಬಾದದಲ್ಲೇ ಇದ್ದು ಶನಿವಾರ ಭಾಲ್ಕಿಗೆ ಬರತೊಡಗಿದಳು. ಅಂಗಿಗಳಿಗೆ ಗುಂಡಿ ತೂರುವ ಕಾಜಾ ಮಾಡುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು. ಬಂದಾಗಲೆಲ್ಲ ಆಕೆಯ ಕೈಗಳು ಇನ್ನಷ್ಟು ವೇಗವಾಗಿರುತ್ತಿದ್ದವು. ನಾನು ಹಿಂದೆ ಬೀಳತೊಡಗಿದೆ. ಒಳಗೊಳಗೇ ಹೊಟ್ಟೆಕಿಚ್ಚೂ ಆಯಿತು.

ಆ ವರ್ಷ ಮಳೆ ಬಂತು. ಮಳೆಯ ಹಿಂದೆಯೇ ಮುತ್ಯಾನೂ ಬಂದ, ಮೈ ಅರ್ಧವಾಗಿ, ಅಂಗೈಯಲ್ಲಿ ಸಿಮೆಂಟಿನ ಬಿರುಕು. ಅವತ್ತು ಶನಿವಾರ, ಮೌಶಿ ಮನೆಯಲ್ಲೇ ಇದ್ದಳು. ಮುತ್ಯಾ ಕೂತು ನೀರು ಕುಡಿದು, ಹೊಲ, ಬಸ್ಸು ಎಂದು ಸನ್ನೆ ಮಾಡಿದ. ಮೌಶಿ ಕದಲಲಿಲ್ಲ. ನನ್ನನ್ನು ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡು ಹೊಸ ಕೈಮಾತಿನಲ್ಲಿ ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದಳು. ನೀವು ನನ್ನನ್ನು ಒಡೆದ ಗಡಿಗೆಯ ಹಾಗೆ ಇಲ್ಲಿಟ್ಟು ಹೋದಿರಿ. ಎಲ್ಲಿಗೆ ಅಂತ ಹೇಳಲಿಲ್ಲ. ಸತ್ತಿರೋ ಇದ್ದೀರೋ ನನಗೆ ಗೊತ್ತಿರಲಿಲ್ಲ. ನಾನು ಬರುವುದಿಲ್ಲ.

“ಏನಂತಾಳವ್ವ?” ಎಂದ ಮುತ್ಯಾ.

ಆತನ ಕೈ ನೋಡಿದೆ, ಮುಖ ನೋಡಿದೆ. “ಹೊಲಿಗಿ ಕಲಿಲಾಕತ್ತಾಳಂತರಿ ಮುತ್ಯಾ. ಇನ್ನೊಂದೀಟು ದಿನ ಇಲ್ಲೇ ಇರ್ತಾಳಂತ,” ಎಂದೆ.

“ಕಲೀಲಿ, ಅದಕ್ಕೇನದ? ದೀಪಾವಳಿಗಿ ಬಂದ್ರಾಯ್ತು,” ಎಂದು ಮುತ್ಯಾ ನಕ್ಕ.

ಆ ನಗು ನೋಡಿದ್ದೇ ಮೌಶಿಗೆ ತಿಳಿಯಿತು. ತಾನು ಹೇಳಿದ ಮಾತಿಗೆ ಯಾವ ಅಪ್ಪನೂ ನಗುವುದಿಲ್ಲ. ನನ್ನ ಕಡೆ ತಿರುಗಿದಳು. ಆಕೆ ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು, ಅಷ್ಟೇ. ನಾನು ಬಾಯಿ ಆಡಿಸುವ ಜನರ ಸಾಲಿಗೆ ಸೇರಿದ್ದೆ.

ಆಮೇಲೆ ಮುತ್ಯಾನಿಗೆ ಗೊತ್ತಿದ್ದ ಹಳೆಯ ಸನ್ನೆಗಳಲ್ಲೇ, ಮೈಯನ್ನೆಲ್ಲ ಬಳಸಿ ಹೇಳಿದಳು. ಬಾಗಿಲಿಗೆ ಕೀಲಿ ಹಾಕಿದಂತೆ ಮಾಡಿದಳು. ಮೀಸೆ ತಿರುವಿ ಮುತ್ಯಾನಾಗಿ ಚಹಾ ಕುಡಿದು, ಬೆನ್ನು ತಿರುಗಿಸಿ ಅಂಗಳದವರೆಗೆ ನಡೆದು ಹೋದಳು. ಓಡಿ ಬಂದು ತಾನಾಗಿ ಹೊಸ್ತಿಲ ಮೇಲೆ ಕೂತಳು, ತೊಡೆಯ ಮೇಲೆ ಇಲ್ಲದ ಗಂಟು. ಬೀದಿಯನ್ನು ನೋಡಿದಳು. ಒಂದು ದಿನ, ಇನ್ನೊಂದು ದಿನ, ಮತ್ತೊಂದು ದಿನ ಎಂದು ಬೆರಳು ಮಡಿಸಿದಳು, ಎರಡೂ ಕೈಗಳ ಬೆರಳು ಮುಗಿದವು, ಮತ್ತೆ ಮೊದಲಿನಿಂದ ಮಡಿಸಿದಳು. ಕೊನೆಗೆ ಕಣ್ಣು ಮುಚ್ಚಿ ತಲೆ ವಾಲಿಸಿ, ಮೀಸೆ ತಿರುವಿ, ಕೈಯಾಡಿಸಿದಳು: ಮುತ್ಯಾ ಸತ್ತನೇ?

ಮುತ್ಯಾ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟ. “ನನಗ ಹೇಳ್ಲಾಕ ಬರಲಿಲ್ಲ ಮಗಳ,” ಎಂದ, ಆಕೆಗೆ ಕೇಳುವುದಿಲ್ಲ ಎಂಬುದನ್ನೂ ಮರೆತು. “ಹ್ಯಾಂಗ ಹೇಳ್ಬೇಕಂತ ನನಗ ತಿಳೀಲಿಲ್ಲ.” ಆಮೇಲೆ ನೆನಪಾಗಿ ತನ್ನ ಎದೆಯನ್ನೊಮ್ಮೆ ಮುಟ್ಟಿಕೊಂಡು, ಎರಡೂ ಬರಿಗೈಗಳನ್ನು ಆಕೆಯ ಮುಂದೆ ಚಾಚಿದ. ಅದಕ್ಕೆ ನಮ್ಮ ಮನೆಯಲ್ಲಿ ಅರ್ಥವಿರಲಿಲ್ಲ. ಮೌಶಿಗೆ ಅರ್ಥವಾಯಿತು. ಆತನ ಪಕ್ಕದಲ್ಲಿ ಕೂತು ಒಡೆದ ಅಂಗೈಗೆ ಎಣ್ಣೆ ಹಚ್ಚಿದಳು. ಆದರೆ ಊರಿಗೆ ಹೋಗಲಿಲ್ಲ.

ಮುತ್ಯಾ ಬದುಕಿದ್ದಷ್ಟು ದಿನ ತಿಂಗಳಿಗೊಮ್ಮೆ ಜೋಳವೋ ತೊಗರಿಯೋ ಕಟ್ಟಿಕೊಂಡು ಔರಾದ ಕಡೆಯಿಂದ ಬರುವ ಬಸ್ಸಿನಲ್ಲಿ ನೌಬಾದಕ್ಕೆ ಬರುತ್ತಿದ್ದ. ಅಂಗಡಿಯ ಬಾಗಿಲಲ್ಲಿ ಕೂತು ಕೈಮಾತು ಕಲಿತ, ಮುದುಕನ ಬೆರಳಿಗೆ ಬರುವಷ್ಟು. ಹೊರಡುವಾಗ ಮಾತ್ರ ತಪ್ಪದೆ ಹೇಳುತ್ತಿದ್ದ: ಈಗ ಹೋಗುತ್ತೇನೆ, ಹುಣ್ಣಿಮೆ ಕಳೆದ ಮೇಲೆ ಬರುತ್ತೇನೆ. ಮೌಶಿ ಮದುವೆಯಾಗಲಿಲ್ಲ. ಹೊಲಿಗೆ ಕಲಿಸಿದ ಆ ಹೆಂಗಸು ತೀರಿಕೊಂಡ ಮೇಲೆ ಅಂಗಡಿಯ ಹೊಣೆ ಹೊತ್ತಳು. ಭಾಲ್ಕಿ, ಔರಾದ ಕಡೆಯ ಕಿವಿ ಕೇಳದ ಹುಡುಗಿಯರು ಎಷ್ಟೋ ಮಂದಿ ಆಕೆಯ ಹತ್ತಿರ ಹೊಲಿಗೆ ಕಲಿತು ಹೋದರು.

ನಾನು ಮತ್ತೆಂದೂ ಆಕೆಯ ಮಾತನ್ನು ಮೆತ್ತಗೆ ಮಾಡಿ ಹೇಳಲಿಲ್ಲ. ಆಸ್ಪತ್ರೆ, ಕಚೇರಿ, ಎಲ್ಲಿಗೆ ಜೊತೆಗೆ ಹೋದರೂ ಆಕೆ ಬೈದರೆ ಬೈದಳು ಎಂದೇ ಹೇಳಿದೆ. ಇದರಿಂದ ಎರಡು ಮೂರು ಕಡೆ ನಾವು ಎದ್ದು ಬರಬೇಕಾಯಿತು. ಮೌಶಿ ಬಸ್ಸಿನಲ್ಲಿ ನನ್ನ ಕೈ ತಟ್ಟಿ ನಗುತ್ತಿದ್ದಳು.

ಈಚೆಗೆ ಗೆಳತಿಯರು ಸೇರಿದಾಗ ಹಳೆಯ ಟಿ.ವಿ. ಕಾರ್ಯಕ್ರಮಗಳ ಮಾತು ಬಂತು. ಪೌರಾಣಿಕ ಧಾರಾವಾಹಿ ಎಲ್ಲರಿಗೂ ನೆನಪಿತ್ತು, ಹಾಡುಗಳು ನೆನಪಿದ್ದವು, ಸೋಪಿನ ಜಾಹೀರಾತು ಕೂಡ. ಕೈಮಾತಿನ ವಾರ್ತೆ ಎಂದೆ. ಒಬ್ಬಳು ಹುಬ್ಬು ಗಂಟಿಕ್ಕಿ ಯೋಚಿಸಿ, “ಸಿನಿಮಾಕ್ಕ ಮದ್ಲ ಏನೋ ಬರ್ತಿತ್ತು ನೋಡು,” ಎಂದಳು.

ಅದು ಯಾವಾಗ ನಿಂತಿತು, ನಿಂತಿದೆಯೋ ಇಲ್ಲವೋ ನನಗೂ ತಿಳಿದಿರಲಿಲ್ಲ. ಮುಂದಿನ ಭಾನುವಾರ ನೌಬಾದಕ್ಕೆ ಹೋದಾಗ ಮೌಶಿಯನ್ನೇ ಕೇಳಿದೆ. ಆಕೆ ಕತ್ತರಿ ಕೆಳಗಿಟ್ಟು ಸ್ವಲ್ಪ ಯೋಚಿಸಿದಳು. ತಾನು ಅದನ್ನು ನೋಡುವುದು ಬಿಟ್ಟು ಬಹಳ ವರ್ಷವಾಯಿತು ಎಂದಳು. ಯಾಕೆ ಎಂದೆ. ಒಳಗಿನ ಕೋಣೆಯ ಕಡೆ ಕೈ ತೋರಿಸಿದಳು. ಅಲ್ಲಿ ಐದಾರು ಹೆಂಗಸರು ಚಾಪೆಯ ಮೇಲೆ ಕೂತು, ಊಟದ ಡಬ್ಬಿಗಳನ್ನು ಬಿಚ್ಚಿಟ್ಟು, ಎಲ್ಲರೂ ಒಟ್ಟಿಗೇ ಕೈಯಾಡಿಸುತ್ತ ಯಾರದೋ ಸೊಸೆಯ ಬಗ್ಗೆ ಹೇಳುತ್ತಿದ್ದರು. ಭಾನುವಾರ ಇವರು ಬರುತ್ತಾರೆ, ನನಗೆ ಪುರಸೊತ್ತು ಎಲ್ಲಿ, ಎಂದಳು ಮೌಶಿ. ಒಂದು ತಟ್ಟೆ ನನ್ನ ಕೈಗಿಟ್ಟು ಒಳಗೆ ಕರೆದಳು.