ಪ್ಲಗ್ಗಿನ ಬಿಸಿಗೆ ಇಟ್ಟ ಚುಕ್ಕೆಗಳು

ಅಕ್ಕ ಕೂಸಿನೊಂದಿಗೆ ಬಾಣಂತನಕ್ಕೆ ಬಂದ ಭಾನುವಾರ ನನ್ನ ದಿನಚರಿಯಲ್ಲಿ ತೊಂಬತ್ತು ಗೀಟು ಎಳೆದೆ. ಮೂರು ತಿಂಗಳು ಇರುತ್ತಾಳೆ. ದಿನಕ್ಕೊಂದು ಗೀಟು ಹೊಡೆದುಹಾಕುವುದು. ಮದುವೆಯಾಗಿ ಗಂಡನ ಊರು ಸಂಪಿಗೆಗೆ ಹೋದಮೇಲೆ ಅವಳು ನಮ್ಮಲ್ಲಿ ಒಟ್ಟಿಗೆ ಮೂರು ದಿನಕ್ಕಿಂತ ಹೆಚ್ಚು ಉಳಿದದ್ದಿಲ್ಲ. ಅದೂ ಬರೆದಿಟ್ಟಿದ್ದೇನೆ.

ಬಾಣಂತಿಗೆ ದಿನಾ ನಾಲ್ಕು ಬಕೆಟ್ ಬಿಸಿನೀರು ಬೇಕು. ತೆಂಗಿನ ಚಿಪ್ಪು ಹಾಕಿ ಹಂಡೆಯ ಒಲೆ ಹಚ್ಚಿದರೆ ಹೊಗೆ ಕೋಣೆಗೇ ನುಗ್ಗಿ ಕೂಸು ಕೆಮ್ಮುತ್ತಿತ್ತು. ಅಪ್ಪ ತಿಪಟೂರಿನಿಂದ ನೀರು ಕಾಯಿಸುವ ರಾಡ್ ತಂದರು. ಅದರ ಪ್ಲಗ್ಗಿನ ಪಿನ್ನು ದಪ್ಪ. ನಮ್ಮ ಮನೆಯ ಸಾಕೆಟ್ಟುಗಳೆಲ್ಲ ಸಣ್ಣವು. ನಡುವೆ ಒಂದು ಕನ್ವರ್ಟರ್ ಸಿಕ್ಕಿಸಿ, ಎಕ್ಸ್‌ಟೆನ್ಷನ್ ಬಾಕ್ಸನ್ನು ಬಚ್ಚಲುಮನೆಯ ಬಾಗಿಲತನಕ ಎಳೆದೆವು.

ಭಾವ ಅದನ್ನು ನೋಡಿ ಅಮ್ಮನಿಗೆ ಹೇಳಿದ್ದರು: "ಅತ್ತೆ, ಬಿಸಿನೀರಿಗೆ ತೊಂದ್ರೆ ಆದ್ರೆ ಸಂಕೋಚ ಮಾಡ್ಕಬೇಡಿ. ನಮ್ಮನೇಲಿ ಗೀಸರ್ ಐತೆ, ಕರ್ಕೊಂಡೋಯ್ತೀನಿ."

ಆ ಮಾತನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ.

ರಾಡ್ ನೋಡಿಕೊಳ್ಳುವ ಕೆಲಸ ನನ್ನದು. ನೀರಿಗೆ ಇಳಿಬಿಟ್ಟಮೇಲೆ ಸ್ವಿಚ್ ಹಾಕುವುದು, ಸ್ವಿಚ್ ಆರಿಸಿ ಪ್ಲಗ್ ಕಿತ್ತಮೇಲೆಯೇ ನೀರು ಮುಟ್ಟುವುದು. ಇದರಲ್ಲಿ ಒಂದು ದಿನವೂ ತಪ್ಪಲಿಲ್ಲ. ಪ್ಲಗ್ಗಿನ ಬಿಸಿಯನ್ನೂ ಬರೆಯುತ್ತಿದ್ದೆ: ಬೆಚ್ಚಗಿದ್ದರೆ ಒಂದು ಚುಕ್ಕೆ, ಬಿಸಿಯಾದರೆ ಎರಡು, ಬೆರಳಿಡಲು ಆಗದಿದ್ದರೆ ಮೂರು. ಮೊದಲ ವಾರ ಒಂದೊಂದೇ ಚುಕ್ಕೆ. ಮೂರನೆಯ ವಾರ ಎರಡು. ಐದನೆಯ ವಾರದ ಸೋಮವಾರ ಮೂರು. ಸಾಕೆಟ್ಟಿನ ಬಿಳಿ ಅಂಚು ಚಹಾ ಬಣ್ಣಕ್ಕೆ ತಿರುಗಿತ್ತು.

ಹೇಳಿದರೆ ಭಾವ ಕಾರು ತರುತ್ತಾರೆ. ನಾನು ಹೇಳಲಿಲ್ಲ. ಎರಡು ಬಕೆಟ್ಟಿನ ನಡುವೆ ಹತ್ತು ನಿಮಿಷ ಬಿಡುವು ಕೊಟ್ಟೆ. ನೀರು ಕಾಯುವಷ್ಟು ಹೊತ್ತು ಅಕ್ಕ ಬಚ್ಚಲ ಬಾಗಿಲಲ್ಲಿ ಕೂತು ನನ್ನ ಜಡೆ ಹೆಣೆಯುತ್ತಿದ್ದಳು. ಬಿಡುವಿನಿಂದ ಆ ಹೊತ್ತೂ ಹೆಚ್ಚಾಯಿತು.

ಗುರುವಾರ ಬೆಳಿಗ್ಗೆ ಎರಡನೆಯ ಬಕೆಟ್ಟಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ತಿರುಗಿ ನೋಡಿದರೆ ಎಕ್ಸ್‌ಟೆನ್ಷನ್ ಬಾಕ್ಸಿನ ಮೇಲೆ ಕೂಸಿನ ಒದ್ದೆ ಕುಲಾವಿ. ಓಡಿಹೋಗಿ ಮೇನ್ ಸ್ವಿಚ್ ಆರಿಸಿ ಬಂದು ಕುಲಾವಿ ಎತ್ತಿದೆ.

"ಯಾಕೇ ತೆಗ್ದೆ?" ಅಂದಳು ಅಕ್ಕ. "ಅಲ್ಲಿ ಬೆಚ್ಚಗಿರ್ತದೆ, ಬೇಗ ಒಣಗ್ತದೆ ಕಣೇ. ಮೂರು ದಿನದಿಂದ ಅಲ್ಲೇ ಹಾಕ್ತಿದೀನಿ."

ನಾನು ದಿನಚರಿ ತಂದು ಅವಳ ಮುಂದಿಟ್ಟೆ.

"ಮೂರು ಚುಕ್ಕೆ ಇಟ್ಬುಟ್ಟು ಸುಮ್ಕಿದ್ಯೇನೇ? ಕೂಸು ಮಲಗೋ ಮನೆ ಇದು."

"ಹೇಳಿದ್ರೆ ನೀನು ಹೊಂಟೋಯ್ತಿದ್ದೆ."

ಅವಳು ಪುಟ ತಿರುವಿದಳು. ಹೊಡೆಯದೆ ಉಳಿದಿದ್ದ ಗೀಟುಗಳ ಮೇಲೆ ಬೆರಳಾಡಿಸಿದಳು. "ಇವೆಲ್ಲ ನನ್ನ ದಿನಗಳಾ?" ನಾನು ತಲೆಯಾಡಿಸಿದೆ. ಅರ್ಧಕ್ಕೆ ಬಿಟ್ಟಿದ್ದ ನನ್ನ ಜಡೆಯನ್ನು ಪೂರ್ತಿ ಹೆಣೆದು, ಆಮೇಲೆ ಅಮ್ಮನನ್ನು ಕೂಗಿದಳು.

ಮಧ್ಯಾಹ್ನ ವೈರಿಂಗ್ ಮಾಡುವವರು ಬಂದು ಸಾಕೆಟ್ ಬಿಚ್ಚಿ, ಕಪ್ಪಾದ ತಂತಿ ತೋರಿಸಿದರು.

"ನೋಡಿ ಅಮ್ಮಾರೆ, ಇದು ಫ್ಯಾನು, ಟಿವಿ ಹೊರೋ ತಂತಿ. ಕನ್ವರ್ಟರ್ ಹಾಕಿದ್ರೆ ಪಿನ್ನು ಹೊಂದ್ತದೆ ಅಷ್ಟೇ, ತಂತಿ ದಪ್ಪ ಆಯ್ತದಾ? ಮೇನ್ ಬೋರ್ಡಿಂದ ಬೇರೆ ದಪ್ಪ ತಂತಿ ಎಳ್ದು, ದೊಡ್ಡ ಸಾಕೆಟ್ಟು ಹಾಕಿ, ಅರ್ತ್ ಕೊಡ್ಬೇಕು. ಅಲ್ಲೀಗಂಟ ರಾಡ್ ಮುಟ್ಬೇಡಿ ಕಣ್ರೀ."

ಕೈಯಲ್ಲಿದ್ದ ಕೆಲಸ ಮುಗಿಸಿ ಬರಲು ಅವರಿಗೆ ಎರಡು ವಾರ ಬೇಕಿತ್ತು. ಶನಿವಾರ ಭಾವ ಬಂದರು. ಅಕ್ಕ ಕಾರು ಹತ್ತುವಾಗ ಕೂಸಿನ ತಲೆಯ ಮೇಲೆ ಅದೇ ಕುಲಾವಿಯಿತ್ತು. ಆ ದಿನದ ಗೀಟು ಹೊಡೆದಮೇಲೆ ಐವತ್ತೈದು ಉಳಿದವು.

ಈಗ ಬಚ್ಚಲುಮನೆಯ ಹೊರಗೋಡೆಯಲ್ಲಿ, ನೀರು ಸಿಡಿಯದ ಎತ್ತರದಲ್ಲಿ, ರಾಡಿಗೆಂದೇ ದೊಡ್ಡ ಸಾಕೆಟ್ಟಿದೆ. ಕನ್ವರ್ಟರನ್ನು ಅಪ್ಪ ಎಸೆದರು. ಈಗ ಕಾಯಿಸುವುದು ದಿನಕ್ಕೆ ಒಂದೇ ಬಕೆಟ್. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮುಟ್ಟಿ ನೋಡುತ್ತೇನೆ. ಚುಕ್ಕೆ ಇಡುವಂಥದ್ದೇನೂ ಇರುವುದಿಲ್ಲ. ಒಂಬತ್ತು ಗಂಟೆಗೆ ಅಕ್ಕ ಫೋನ್ ಮಾಡುತ್ತಾಳೆ.

"ಪ್ಲಗ್ ನೋಡಿದ್ಯೇನೇ?"

"ನೋಡ್ದೆ. ತಣ್ಣಗೈತೆ."

"ಜಡೆ?"

"ನಾನೇ ಹಾಕ್ಕೊಂಡೆ ಕಣಕ್ಕ."